ಕುದುರೆಮುಖ: ರಸ್ತೆಯಲ್ಲಿ ಕಾಣುವುದು, ನಡೆದಾಗ ದಕ್ಕುವುದು

ಕಾರ್ಕಳದಿಂದ ಬಜಗೋಳಿ, ಮಾಳ ಮಾರ್ಗವಾಗಿ ಘಟ್ಟ ಏರಿದರೆ ಎಸ್.ಕೆ. ಬಾರ್ಡರ್ ಸಿಗುತ್ತದೆ. ಎಡಕ್ಕೆ ಶೃಂಗೇರಿ, ಇನ್ನೊಂದು ದಾರಿ ಕುದುರೆಮುಖ ಹಾಗೂ ಕಳಸಕ್ಕೆ. ಸುತ್ತಲಿನದೆಲ್ಲ 1987ರಲ್ಲಿ ಘೋಷಿತವಾದ, ಸುಮಾರು 600 ಚದರ ಕಿ.ಮೀ. ವಿಸ್ತಾರದ ಕುದುರೆಮುಖ ರಾಷ್ಟ್ರೀಯ ಉದ್ಯಾನ. ಸಿಂಗಳೀಕಗಳ ಕುರಿತು ವನ್ಯಜೀವಿ ವಿಜ್ಞಾನಿ ಉಲ್ಲಾಸ ಕಾರಂತರು ನಡೆಸಿದ ಸಮೀಕ್ಷೆ ಈ ಘೋಷಣೆಗೆ ಬಲ ನೀಡಿತ್ತು.

ರಸ್ತೆಬದಿಯಲ್ಲೇ ಧುಮುಕುವ ಕಡಾಂಬಿ ಜಲಪಾತವನ್ನು ಕಂಡು ಮುಂದೆ ಸಾಗುವವರೇ ಹೆಚ್ಚು. ಹನುಮನಗುಂಡಿಗೆ ಮೆಟ್ಟಿಲಿಳಿಯಬೇಕು. ತುಂಗಾ, ಭದ್ರಾ, ನೇತ್ರಾವತಿ ನದಿಗಳ ಉಗಮಸ್ಥಾನವಾದ ಗಂಗಾಮೂಲವೂ ಇದೇ ಅರಣ್ಯದಲ್ಲಿದೆ. ಶಿವಮೊಗ್ಗದ ನಲ್ಲಿಗೂ ಮಂಗಳೂರಿನ ನಲ್ಲಿಗೂ ನೀರು ಹೊರಡುವುದು ಈ ಬೆಟ್ಟಗಳಿಂದಲೇ ಎಂಬುದನ್ನು ಪ್ರವಾಸಿ ನೆನಪಿಟ್ಟುಕೊಂಡರೆ ಒಳಿತು.

ಈ ನೀರಿಗಾಗಿಯೇ ಇಲ್ಲೊಂದು ದೀರ್ಘ ಹೋರಾಟ ನಡೆಯಿತು. ಕುದುರೆಮುಖ ಕಬ್ಬಿಣದ ಅದಿರು ಕಂಪನಿ ಇಲ್ಲಿ ದಶಕಗಳ ಕಾಲ ಗಣಿಗಾರಿಕೆ ನಡೆಸಿ, ಅದಿರನ್ನು ಕೆಸರಿನ ರೂಪದಲ್ಲಿ ಕೊಳವೆಯ ಮೂಲಕ ಪಣಂಬೂರಿಗೆ ಹರಿಸುತ್ತಿತ್ತು. ಸುಪ್ರೀಂ ಕೋರ್ಟ್‌ನ 2002ರ ಆದೇಶದಂತೆ 2005ರ ಅಂತ್ಯಕ್ಕೆ ಗಣಿ ಮುಚ್ಚಿತು. ಪಟ್ಟಣ ಬಿಕೋ ಎನ್ನತೊಡಗಿತು. ಅನೇಕರ ಜೀವನೋಪಾಯವೂ ಹೋಯಿತು. ಗಣಿಯ ಹೂಳನ್ನು ತಡೆದಿಟ್ಟ ಲಕ್ಯಾ ಅಣೆಕಟ್ಟೆ ಮಾತ್ರ ಉಳಿದಿದೆ.

ಉದ್ಯಾನದ ನಿಜವಾದ ಸ್ವರೂಪ ತಿಳಿಯಬೇಕಾದರೆ ನಡೆಯಲೇಬೇಕು. ಸುಮಾರು 1,890 ಮೀಟರ್ ಎತ್ತರದ ಕುದುರೆಮುಖ ಶಿಖರದ ಚಾರಣ ಸಂಸೆ ಸಮೀಪದ ಮುಳ್ಳೋಡಿಯಿಂದ ಆರಂಭವಾಗುತ್ತದೆ. ಅಲ್ಲಿಯವರೆಗಿನ ಕಚ್ಚಾ ರಸ್ತೆಗೆ ಜೀಪೇ ಗತಿ. ಹೋಗಿಬರಲು ಸುಮಾರು 20 ಕಿ.ಮೀ. ನಡಿಗೆ, ಬೆಳಗ್ಗೆ ಬೇಗ ಹೊರಟು ಸಂಜೆಯೊಳಗೆ ಹಿಂತಿರುಗಬೇಕು. ಕಣಿವೆಗಳಲ್ಲಿ ದಟ್ಟ ಶೋಲಾ ಕಾಡು, ಅದರ ಮೇಲೆ ಗಾಳಿಗೆ ತೊನೆಯುವ ಹುಲ್ಲುಗಾವಲು. ಮಳೆನೀರನ್ನು ಹೀರಿ, ಹಿಡಿದಿಟ್ಟು, ಬೇಸಿಗೆಯಲ್ಲೂ ಹೊಳೆಗೆ ಬಿಡುವುದು ಇವೆರಡರ ಜೋಡಿಯೇ. ಹುಲ್ಲು ಬೋಳು ನೆಲವೆಂದು ಭಾವಿಸಿ ದಾರಿ ಬಿಟ್ಟು ತುಳಿಯುವುದು ತಪ್ಪು.

ಅರಣ್ಯ ಇಲಾಖೆಯ ಅನುಮತಿಯಿಲ್ಲದೆ ಚಾರಣ ನಿಷಿದ್ಧ. 2024ರ ಜನವರಿಯಲ್ಲಿ ಕುಮಾರಪರ್ವತದಲ್ಲಿ ಜನಜಂಗುಳಿ ಉಂಟಾದ ನಂತರ ರಾಜ್ಯದ ಚಾರಣ ತಾಣಗಳಿಗೆ ಆನ್‌ಲೈನ್ ಬುಕಿಂಗ್ ಜಾರಿಗೆ ಬಂದಿದ್ದು, ದಿನಕ್ಕೆ ಇಂತಿಷ್ಟೇ ಜನರೆಂಬ ಮಿತಿಯಿದೆ. ವಾರಾಂತ್ಯದ ಚೀಟಿ ಬೇಗ ಮುಗಿಯುತ್ತದೆ. ಕಾಳ್ಗಿಚ್ಚಿನ ಭೀತಿಯಿರುವ ಬೇಸಿಗೆಯಲ್ಲಿ ಹಾದಿ ಮುಚ್ಚುವುದುಂಟು. ಮಳೆಗಾಲದಲ್ಲಿ ಹೋಗುವವರು ಉಂಬಳಗಳಿಗೆ ಸಿದ್ಧರಾಗಿರಬೇಕು. ಉದ್ದನೆಯ ಕಾಲುಚೀಲ ಮತ್ತು ಸ್ವಲ್ಪ ಉಪ್ಪು ಜೊತೆಗಿರಲಿ.