ರುಮಾಲು, ಕೀರ್ದಿ, ಖತಾವಣಿ

ಕಾಗದಪತ್ರಗಳನ್ನು ಕೂಡಿಸಿಡುವದು ಒಂದು ಕೆಲಸ. ಕೂಡಿಸಿಟ್ಟದ್ದನ್ನು ಬೇಕಾದಾಗ ಕೈಗೆ ಸಿಕ್ಕುವಂತೆ ಅಣಿಗೊಳಿಸುವದು ಇನ್ನೊಂದು ಕೆಲಸ. ಮೊದಲನೆಯದಕ್ಕೆ ಆಸ್ಥೆಯೊಂದಿದ್ದರೆ ಸಾಕು. ಎರಡನೆಯದರಲ್ಲಿ ಇಬ್ಬರ ಮತವು ಒಂದಾದುದನ್ನು ನಾನಂತೂ ಕಂಡಿಲ್ಲ.

ಕೆಲವು ತಿಂಗಳುಗಳಿಂದ ನಾವು ನಾಲ್ಕಾರು ಜನರು ಬೈಲಹೊಂಗಲ, ಕಿತ್ತೂರು, ಸವದತ್ತಿ, ರಾಮದುರ್ಗ ಈ ಭಾಗದ ಹಳೆಯ ಮನೆಗಳಲ್ಲಿರುವ ಕಾಗದಗಳ ಹಾಗೂ ಊರೂರ ಶಾಸನಗಳ ಛಾಯಾಚಿತ್ರಗಳನ್ನು ತೆಗೆದು ಗಣಕಯಂತ್ರದಲ್ಲಿ ಕೂಡಿಸುತ್ತಿರುವೆವು. ಚಿತ್ರಗಳು ಸಾವಿರವನ್ನು ದಾಟಿದ ಕೂಡಲೆ ಅವುಗಳನ್ನು ಹೇಗೆ ಇಡಬೇಕೆಂಬ ಪ್ರಶ್ನೆಯು ಹುಟ್ಟಿತು. ತಾಲೂಕಿಗೊಂದು ಫೋಲ್ಡರು, ಅದರೊಳಗೆ ಊರಿಗೊಂದು, ಅದರೊಳಗೆ ಮನೆಗೊಂದು ಇರಬೇಕೆಂದು ನನ್ನ ಮತ. ಇತಿಹಾಸವನ್ನು ಕಲಿಸಿ ನಿವೃತ್ತರಾದ ನನ್ನ ಮಿತ್ರರಾದರೋ ರಾಜವಂಶ ಮತ್ತು ಕಾಲ ಇವುಗಳ ಪ್ರಕಾರವೇ ಇರತಕ್ಕದ್ದೆಂದು ಹಟ ಹಿಡಿದರು. ಯಂತ್ರವನ್ನು ನಡೆಸುವ ತರುಣಿಯು ನಮ್ಮಿಬ್ಬರ ವಾದವನ್ನೂ ಸಮಾಧಾನದಿಂದ ಕೇಳಿಕೊಂಡು, “ಅಜ್ಜಾರ, ಎಲ್ಲಾ ಒಂದ ಕಡೆ ಹಾಕೋಣ್ರಿ, ಬೇಕಾದಾಗ ಹುಡುಕಿದ್ರ ಸಿಗತದ” ಎಂದಳು. ಸಂಜೆಯವರೆಗೂ ಮಾತು ಬೆಳೆಯಿತಲ್ಲದೆ ಒಂದು ಚಿತ್ರವೂ ತನ್ನ ಸ್ಥಾನವನ್ನು ಸೇರಲಿಲ್ಲ. ಮನೆಗೆ ಬಂದ ಮೇಲೆ, ಈ ಮತಭೇದವು ಗಣಕಯಂತ್ರದೊಡನೆ ಹುಟ್ಟಿದುದೋ ಅಥವಾ ಹಿಂದಿನವರಲ್ಲಿಯೂ ಇದ್ದಿತೋ ಎಂದು ವಿಚಾರಿಸತೊಡಗಿದೆನು. ಆ ವಿಚಾರದ ಫಲವೇ ಈ ಲೇಖನ.

ಪಾಠಶಾಲೆಯಲ್ಲಿ ಓದಿದ ನನಗೆ ಮೊದಲು ನೆನಪಾದುದು ಋಗ್ವೇದ. ಆ ಒಂದೇ ಸಂಹಿತೆಗೆ ಎರಡು ವಿಭಾಗಕ್ರಮಗಳಿರುವವು. ಹತ್ತು ಮಂಡಲ, ಅನುವಾಕ, ಸೂಕ್ತ ಎಂಬದೊಂದು. ಎಂಟು ಅಷ್ಟಕ, ಅರವತ್ತನಾಲ್ಕು ಅಧ್ಯಾಯ, ವರ್ಗ ಎಂಬದಿನ್ನೊಂದು. ಮೊದಲನೆಯದರಲ್ಲಿ ಎರಡರಿಂದ ಏಳರವರೆಗಿನ ಮಂಡಲಗಳು ಒಂದೊಂದು ಋಷಿಕುಲಕ್ಕೆ ಸಲ್ಲುವವು; ಒಂಬತ್ತನೆಯದು ಮಾತ್ರ ಋಷಿಯನ್ನು ಬಿಟ್ಟು ಸೋಮದೇವತೆಯನ್ನು ಹಿಡಿಯುವದು. ಎರಡನೆಯ ಕ್ರಮಕ್ಕೆ ಋಷಿಯ ಗೊಡವೆಯೂ ಇಲ್ಲ, ದೇವತೆಯ ಗೊಡವೆಯೂ ಇಲ್ಲ. ಅಧ್ಯಯನ ಮಾಡುವವನಿಗೆ ಹೆಚ್ಚು ಕಡಿಮೆ ಸಮನಾದ ಪಾಠಗಳು ಸಿಕ್ಕಬೇಕೆಂಬದೇ ಅದರ ಉದ್ದೇಶ. ಮಂತ್ರವೊಂದೂ ಸ್ಥಾನ ಬಿಟ್ಟು ಕದಲದೆ ಎರಡೂ ಲೆಕ್ಕಗಳು ಸಾವಿರಾರು ವರ್ಷಗಳಿಂದ ಜೊತೆಯಾಗಿ ನಡೆದು ಬಂದಿರುವವು. ಅದೂ ಸಾಲದೆಂದು ಕಾತ್ಯಾಯನನು ಸರ್ವಾನುಕ್ರಮಣಿಯನ್ನು ರಚಿಸಿ ಪ್ರತಿಸೂಕ್ತದ ಋಷಿ, ದೇವತೆ, ಛಂದಸ್ಸುಗಳನ್ನು ಬೇರೆಯಾಗಿ ಬರೆದಿಟ್ಟನು.

ಅಮರಸಿಂಹನ ಕೋಶವೂ ಹೀಗೆಯೇ. ಬಾಲ್ಯದಲ್ಲಿ ಅದನ್ನು ಬಾಯಿಪಾಠ ಮಾಡಿದವರಿಗೆ ಮೂರು ಕಾಂಡಗಳೂ ಅವುಗಳೊಳಗಿನ ವರ್ಗಗಳೂ ಮನೆಯ ಕೋಣೆಗಳಷ್ಟು ಪರಿಚಿತವಾಗಿರುವವು. ಸ್ವರ್ಗದಲ್ಲಿರುವದು ಸ್ವರ್ಗವರ್ಗದಲ್ಲಿ, ಗಿಡಮೂಲಿಕೆಯು ವನೌಷಧಿವರ್ಗದಲ್ಲಿ. ಆದರೆ ಒಂದೇ ಶಬ್ದಕ್ಕೆ ಹಲವು ಅರ್ಥಗಳು ಬಂದಾಗ ಅದನ್ನು ಯಾವ ಕೋಣೆಯಲ್ಲಿಡಬೇಕು? ಅಮರನು ಅಂಥವುಗಳಿಗಾಗಿ ನಾನಾರ್ಥವರ್ಗವೆಂದು ಬೇರೆಯೊಂದನ್ನು ಮಾಡಿ, ಅಲ್ಲಿ ವಿಷಯಕ್ರಮವನ್ನು ಬಿಟ್ಟು, ಶಬ್ದದ ಕೊನೆಯ ವ್ಯಂಜನವನ್ನು ಹಿಡಿದು ಕಾಂತ, ಖಾಂತ ಎಂದು ಜೋಡಿಸಿದನು. ತನ್ನ ಕ್ರಮವು ಎಲ್ಲಿ ನಿಲ್ಲುವದಿಲ್ಲವೆಂಬದನ್ನು ಅವನು ಅರಿತಿದ್ದನು. 1894ರಲ್ಲಿ ಕಿಟೆಲ್ಲರ ಕನ್ನಡ ನಿಘಂಟು ಮಂಗಳೂರಿನಲ್ಲಿ ಅಚ್ಚಾದುದು ಅಕಾರಾದಿ ಕ್ರಮದಲ್ಲಿ. ಶಬ್ದವನ್ನು ಬಲ್ಲವನಿಗೆ ಅದು ಅನುಕೂಲವಾದುದು. ವಸ್ತುವನ್ನು ಬಲ್ಲವನಾಗಿ ಶಬ್ದವನ್ನು ಮರೆತವನಿಗೆ ಇಂದಿಗೂ ಅಮರನೇ ಗತಿ.

ಶಾಸ್ತ್ರದ ಮಾತು ಹೀಗಾಯಿತು. ಅಂಗಡಿಯ ಮಾತಿಗೆ ಬಂದರೆ ಬೈಲಹೊಂಗಲದ ಅರಳೆಯ ಪೇಟೆಯಲ್ಲಿ ಲೆಕ್ಕವಿಟ್ಟ ಹಳೆಯ ಗುಮಾಸ್ತನಿಗೆ ನಮ್ಮ ವಾದವು ನಗೆಗೇಡಾಗಿ ತೋರುತ್ತಿತ್ತು. ಅವನ ಗಾದಿಯ ಬಳಿಯಲ್ಲಿ ಎರಡು ವಹಿಗಳಿರುತ್ತಿದ್ದವು. ಆ ದಿವಸದ ವ್ಯವಹಾರವನ್ನು ನಡೆದಂತೆ ನಡೆದಂತೆ ಕೀರ್ದಿಯಲ್ಲಿ ಬರೆಯುವದು. ಅನಂತರ ಅದೇ ರಕಮನ್ನು ಆಯಾ ಕುಳದ ಹೆಸರಿನಲ್ಲಿ ಖತಾವಣಿಗೆ ಏರಿಸುವದು. ಇಂಥ ದಿವಸ ಏನು ನಡೆಯಿತೆಂದು ಕೇಳಿದರೆ ಕೀರ್ದಿಯನ್ನು ತೆರೆಯುವನು, ಇಂಥವನಿಂದ ಎಷ್ಟು ಬರಬೇಕೆಂದು ಕೇಳಿದರೆ ಖತಾವಣಿಯನ್ನು ತೆರೆಯುವನು. ಎರಡರಲ್ಲಿ ಯಾವದು ಸರಿಯೆಂದು ಅವನನ್ನು ಯಾರೂ ಕೇಳಲಿಲ್ಲ. ಎರಡು ಸಲ ಬರೆಯುವ ಶ್ರಮವನ್ನು ಅವನು ಒಪ್ಪಿಕೊಂಡಿದ್ದನು ಅಷ್ಟೆ. ನಮ್ಮ ಜಗಳವೆಲ್ಲ ಆ ಶ್ರಮವನ್ನು ತಪ್ಪಿಸಿಕೊಳ್ಳುವ ಆಸೆಯಿಂದ ಹುಟ್ಟಿದುದು.

ಪುಣೆಯ ಪೇಶವೆ ದಫ್ತರವು ಇದೇ ಪದ್ಧತಿಯ ದೊಡ್ಡ ರೂಪ. ಅರಿವೆಯಲ್ಲಿ ಕಟ್ಟಿದ ಸಾವಿರಾರು ರುಮಾಲುಗಳ ಆ ಸಂಗ್ರಹದಲ್ಲಿ ರೋಜಕೀರ್ದಿಗಳು ದಿನಕ್ರಮದಲ್ಲಿಯೂ, ಪ್ರಾಂತ ಅಜಮಾಸುಗಳು ಪ್ರಾಂತಕ್ರಮದಲ್ಲಿಯೂ, ಪಾಗಾ, ಪಥಕ ಮುಂತಾದವು ಸೈನ್ಯದ ವಿಭಾಗಗಳ ಪ್ರಕಾರವೂ ಇರುವವು. 1930ರಿಂದ 1934ರ ವರೆಗೆ ಗೋವಿಂದ ಸಖಾರಾಮ ಸರದೇಸಾಯಿಯವರು ಇದರಿಂದ ಆಯ್ದ ಕಾಗದಗಳನ್ನು 45 ಭಾಗಗಳಲ್ಲಿ ಪ್ರಕಟಿಸಿದಾಗ ವಿಷಯಕ್ಕೊಂದು ಭಾಗವೆಂಬ ಹೊಸದೊಂದು ಕ್ರಮವನ್ನು ಹಿಡಿದರು. ಓದುವವರಿಗೆ ಅದರಿಂದ ಉಪಕಾರವೇ ಆಯಿತು. ಮೂಲ ರುಮಾಲುಗಳು ತಮ್ಮ ಜಾಗದಲ್ಲಿಯೇ ಉಳಿದವೆಂಬದನ್ನು ಮಾತ್ರ ಇಲ್ಲಿ ಗಮನಿಸತಕ್ಕದ್ದು.

ಈ ದಫ್ತರಕ್ಕೂ ನಮ್ಮ ನಾಡಿಗೂ ಇರುವ ಸಂಬಂಧವು ಬರಿಯ ವಿದ್ವತ್ತಿನದಲ್ಲ. 1852ರಲ್ಲಿ ಮುಂಬಯಿ ಪ್ರಾಂತದ ಇನಾಮುಗಳ ವಿಚಾರಣೆಗಾಗಿ 11ನೆಯ ಆಕ್ಟು ಬಂದಿತು. ದಕ್ಷಿಣ ಮರಾಠಾ ದೇಶವೆಂದು ಆಗ ಕರೆಯಲ್ಪಡುತ್ತಿದ್ದ ನಮ್ಮ ಭಾಗದಲ್ಲಿ ದೇಸಾಯಿ, ದೇಶಪಾಂಡೆ, ಪೂಜಾರಿ, ಮಠಪತಿ ಎಲ್ಲರೂ ತಮ್ಮ ಭೂಮಿಯ ಹಕ್ಕನ್ನು ಕಾಗದದಿಂದ ತೋರಿಸಬೇಕಾಯಿತು. ಅವರು ತೋರಿಸಿದುದನ್ನು ಅಧಿಕಾರಿಗಳು ಪೇಶವೆ ದಫ್ತರದ ಲೆಕ್ಕಗಳೊಡನೆ ಹೋಲಿಸುತ್ತಿದ್ದರು. ಸನದು ಸಿಕ್ಕಿದರೆ ಹೊಲ, ಸಿಕ್ಕದಿದ್ದರೆ ಖಾಲ್ಸಾ. ಅಟ್ಟದ ಮೇಲಿನ ಯಾವ ಗಂಟಿನಲ್ಲಿ ಯಾವದಿದೆಯೆಂದು ಬಲ್ಲ ಹಿರಿಯನು ತೀರಿಕೊಂಡಿದ್ದ ಮನೆಯಲ್ಲಿ ಆಗ ಏನಾಗಿರಬೇಕೆಂಬದನ್ನು ವಾಚಕರೇ ಊಹಿಸಬಹುದು. ಕಾಗದದ ಮೇಲಿನ ಸಂಶಯವು ಎಷ್ಟು ದೂರ ಹೋಗಬಲ್ಲುದೆಂಬದನ್ನು ಕಿತ್ತೂರು ಅದಕ್ಕಿಂತ ಮೊದಲೇ ಕಂಡಿತ್ತು. 1824ರಲ್ಲಿ ಶಿವಲಿಂಗರುದ್ರ ಸರ್ಜನ ದತ್ತಕಪತ್ರವು ನಿಜವಾದುದಲ್ಲವೆಂದು ಥ್ಯಾಕರೆ ಸಂಶಯಿಸಿದನು. ಅಕ್ಟೋಬರ 23ರಂದು ಕೋಟೆಯ ಮುಂದೆ ಅವನೇ ಮಡಿದನು. ಡಿಸೆಂಬರದಲ್ಲಿ ಕೋಟೆಯೂ ಬಿದ್ದಿತು. ರಾಣಿ ಚೆನ್ನಮ್ಮನು ಬೈಲಹೊಂಗಲದ ಸೆರೆಯಲ್ಲಿ 1829ರಲ್ಲಿ ದೇಹವಿಟ್ಟಳು.

ಇನ್ನು ಶಾಸನಗಳ ಮಾತು. ನನ್ನ ಮತ್ತು ಮಿತ್ರರ ವಾದವು ವಿದ್ವಾಂಸರಲ್ಲಿ ನೂರು ವರ್ಷಕ್ಕೂ ಹಿಂದಿನಿಂದಲೇ ನಡೆದು ಬಂದಿದೆಯೆಂದು ತಿಳಿದಾಗ ನನಗೆ ಸಮಾಧಾನವೂ ಆಯಿತು, ಸ್ವಲ್ಪ ಗರ್ವಭಂಗವೂ ಆಯಿತು. ಮೈಸೂರಿನಲ್ಲಿ ಲೂಯಿ ರೈಸರು 1886ರಿಂದ ಹೊರಡಿಸಿದ ಎಪಿಗ್ರಾಫಿಯಾ ಕರ್ನಾಟಿಕಾ ಸಂಪುಟಗಳು ಜಿಲ್ಲೆಗೊಂದರಂತೆ ಇದ್ದು, ಒಳಗೆ ಶಾಸನಗಳಿಗೆ ತಾಲೂಕುವಾರು ಅಂಕೆಗಳಿರುವವು. ಇದು ನನ್ನ ಪಕ್ಷ. ನಮ್ಮ ಕಡೆಯ ಶಾಸನಗಳನ್ನು ಕುರಿತು ದುಡಿದ ಫ್ಲೀಟರು 1882ರಲ್ಲಿ ಮುಂಬಯಿ ಪ್ರಾಂತದ ಕನ್ನಡ ಜಿಲ್ಲೆಗಳ ಇತಿಹಾಸವನ್ನು ರಾಜವಂಶಗಳ ಪ್ರಕಾರ ಬರೆದರು. 1940ರಲ್ಲಿ ಮೊದಲ ಭಾಗವು ಹೊರಟ ಮುಂಬಯಿ ಕರ್ನಾಟಕದ ಶಾಸನಗಳ ಸಂಪುಟವೂ ವಂಶ ಮತ್ತು ಕಾಲಗಳ ಕ್ರಮವನ್ನೇ ಹಿಡಿಯಿತು. ಇದು ಮಿತ್ರರ ಪಕ್ಷ.

ಮಿತ್ರರು ತಮ್ಮ ಪಕ್ಷಕ್ಕೆ ಒಂದು ಒಳ್ಳೆಯ ಉದಾಹರಣೆಯನ್ನು ಕೊಟ್ಟರು. ಸವದತ್ತಿಯಲ್ಲಿ ಶಕ ವರ್ಷ 902, ಅಂದರೆ ಕ್ರಿ.ಶ. 980ರ ಶಾಸನವೊಂದುಂಟು. ಅದರಲ್ಲಿ ಪೃಥ್ವೀರಾಮನ ಸಂತತಿಯ ಶಾಂತಿವರ್ಮನು ಸುಗಂಧವರ್ತಿಯಲ್ಲಿ ತಾನು ಕಟ್ಟಿಸಿದ ಜಿನಾಲಯಕ್ಕೆ 150 ಮತ್ತರು ಭೂಮಿಯನ್ನು ಬಿಟ್ಟ ಸಂಗತಿಯಿದೆ. ಅಲ್ಲಿಂದ ಬಹುದೂರವಲ್ಲದ ಸೊಗಲದಲ್ಲಿಯೂ ಅದೇ ಶಕ ವರ್ಷದ ಶಾಸನವಿದೆ. ಅಲ್ಲಿ ಕಾಣುವ ಹೆಸರು ರಟ್ಟರ ಕಾರ್ತವೀರ್ಯನದು. ಎರಡೂ ಚಾಲುಕ್ಯ ತೈಲಪನ ಕಾಲದವು. ಊರಿನ ಫೋಲ್ಡರುಗಳಲ್ಲಿ ಇವೆರಡೂ ಒಂದನ್ನೊಂದು ನೋಡದೆ ಬಿದ್ದಿರುವವು. ಕಾಲಕ್ರಮದಲ್ಲಿ ಇಟ್ಟ ಕೂಡಲೆ, ಒಂದೇ ವರ್ಷದಲ್ಲಿ ಕೂಂಡಿ ನಾಡಿನಲ್ಲಿ ಎರಡು ಮನೆತನಗಳ ಇಬ್ಬರು ಹೇಗೆ ಇದ್ದರೆಂಬ ಪ್ರಶ್ನೆಯು ತಾನಾಗಿ ಏಳುವದು. ಇದಕ್ಕೆ ನಾನು ಉತ್ತರ ಕೊಡಲಾರದೆ ಹೋದೆನು.

ನನ್ನ ಪಕ್ಷಕ್ಕೆ ಬಂದ ಆಪತ್ತು ಇನ್ನೊಂದು. ತಾಲೂಕೆಂಬದು ನಾನು ತಿಳಿದಷ್ಟು ಸ್ಥಿರವಾದ ವಸ್ತುವಲ್ಲ. ಹಳೆಯ ಕಾಗದಗಳಲ್ಲಿ ಕಿತ್ತೂರು ಸಂಪಗಾವಿ ತಾಲೂಕಿನಲ್ಲಿರುವದು. ಕಚೇರಿಯು ಬೈಲಹೊಂಗಲದಲ್ಲಿದ್ದ ಆ ತಾಲೂಕಿಗೆ ಮುಂದೆ ಬೈಲಹೊಂಗಲದ ಹೆಸರೇ ಬಂದಿತು. ಈಚೆಗೆ ಕಿತ್ತೂರೇ ಬೇರೆ ತಾಲೂಕಾಯಿತು. ಸವದತ್ತಿಯು ಪರಸಗಡ ತಾಲೂಕಿನ ಮುಖ್ಯ ಸ್ಥಳವಾಗಿತ್ತು. ರಾಮದುರ್ಗವಂತೂ 1948ರ ವರೆಗೆ ಭಾವೆ ಮನೆತನದ ಸಂಸ್ಥಾನ; ಬ್ರಿಟಿಶ್ ಬೆಳಗಾವಿ ಜಿಲ್ಲೆಯ ದಫ್ತರದಲ್ಲಿ ಅದನ್ನು ಹುಡುಕುವವನು ಬರಿಗೈಯಿಂದ ಬರುವನು. 1858ರ ಮೇ 29ರ ರಾತ್ರಿ ಪೊಲಿಟಿಕಲ್ ಏಜಂಟ ಮ್ಯಾನ್ಸನ್ನನು ಸುರೇಬಾನದಲ್ಲಿ ಕೊಲ್ಲಲ್ಪಟ್ಟನು. ಸುರೇಬಾನವು ಇಂದು ರಾಮದುರ್ಗ ತಾಲೂಕಿನ ಊರು. ಕೊಂದವನಾದ ನರಗುಂದದ ಬಾಬಾಸಾಹೇಬನ ಊರು ಇಂದು ಗದಗ ಜಿಲ್ಲೆಯಲ್ಲಿದೆ. ಅವನನ್ನು ಗಲ್ಲಿಗೇರಿಸಿದುದು ಬೆಳಗಾವಿಯಲ್ಲಿ. ಈ ಒಂದು ಸಂಗತಿಯ ಕಾಗದಗಳನ್ನು ನನ್ನ ಕ್ರಮದಲ್ಲಿ ಮೂರು ಪಾಲು ಮಾಡಬೇಕಾಗುವದು.

ಹಾಗಾದರೆ ತರುಣಿಯು ಹೇಳಿದಂತೆ ಎಲ್ಲವನ್ನೂ ಒಂದೇ ರಾಶಿ ಮಾಡಿ ಹುಡುಕಬಾರದೇಕೆ? ಅವಳ ಪಕ್ಷಕ್ಕೂ ದೊಡ್ಡವರ ಬೆಂಬಲವುಂಟು. 2004ರಲ್ಲಿ ಗೂಗಲ್ ಕಂಪನಿಯ ಜೀಮೇಲ್ ಬಂದಾಗ ಅದು ಪತ್ರಗಳಿಗೆ ಫೋಲ್ಡರುಗಳನ್ನು ಬಿಟ್ಟು ಹೆಸರಿನ ಚೀಟಿಗಳನ್ನೂ ಹುಡುಕುವ ಸೌಕರ್ಯವನ್ನೂ ಮುಂದಿಟ್ಟಿತು. ಆದರೆ ಯಂತ್ರವು ಅಕ್ಷರವಿದ್ದುದನ್ನು ಮಾತ್ರ ಹುಡುಕಬಲ್ಲುದು. ನಮ್ಮಲ್ಲಿರುವವು ಮೋಡಿ ಲಿಪಿಯ ಹಾಳೆಗಳ ಚಿತ್ರಗಳು. ಅವುಗಳಿಗೆ ನಾವು ಕೊಟ್ಟ ಹೆಸರಿನ ಹೊರತು ಯಂತ್ರಕ್ಕೆ ಏನೂ ಕಾಣದು. ಆ ಹೆಸರನ್ನಾದರೂ ಒಬ್ಬರು ಸವದತ್ತಿ ಎಂದೂ, ಇಂಗ್ಲಿಷ್ ಪುಸ್ತಕವನ್ನು ನೋಡಿದವರು ಸೌಂದತ್ತಿ ಎಂದೂ, ಶಾಸನವನ್ನು ಓದಿದವರು ಸುಗಂಧವರ್ತಿ ಎಂದೂ ಬರೆದಿದ್ದರು. ಹಳೆಯ ನುಡಿ ಅಕ್ಷರಗಳಲ್ಲಿ ಬರೆದ ಟಿಪ್ಪಣಿಗಳ ಒಳಗೆ ಇರುವದು ನಿಜವಾಗಿ ರೋಮನ್ ಸಂಕೇತಗಳಾದುದರಿಂದ ಕನ್ನಡದಲ್ಲಿ ಹುಡುಕಿದರೆ ಅವೂ ಸಿಕ್ಕಲಿಲ್ಲ. ತೇದಿಯನ್ನು ನಾವು ರೂಢಿಯಂತೆ ದಿನದಿಂದ ಆರಂಭಿಸಿ ಬರೆದಿದ್ದೆವು. ಯಂತ್ರವು ಎಲ್ಲ ತಿಂಗಳುಗಳ, ಎಲ್ಲ ವರ್ಷಗಳ ಒಂದನೆಯ ತಾರೀಖುಗಳನ್ನು ಒಂದೆಡೆ ಕೂಡಿಸಿಟ್ಟಿತು.

ಈ ಸಂದರ್ಭದಲ್ಲಿ ನನ್ನದೇ ಒಂದು ತಪ್ಪನ್ನು ಹೇಳಬೇಕಾಗಿದೆ. ಮೂವತ್ತು ವರ್ಷಗಳ ಹಿಂದೆ ತೀರ್ಥರೂಪರು ತೀರಿಕೊಂಡ ಮೇಲೆ ಅಟ್ಟದ ಮೇಲಿನ ಐದು ರುಮಾಲುಗಳನ್ನು ಇಳಿಸಿದೆನು. ಒಳಗೆ ಹೊಲದ ಪಾವತಿ, ಸಾಲದ ಚೀಟಿ, ಮದುವೆಯ ಯಾದಿ, ಜಾತಕ, ಪತ್ರ ಎಲ್ಲವೂ ಕಲಸಿದಂತೆ ತೋರಿದವು. ಅಮರಕೋಶದ ಸಂಸ್ಕಾರ ಸುಮ್ಮನಿರಗೊಡಲಿಲ್ಲ. ಎಂಟು ದಿವಸ ಕುಳಿತು ಎಲ್ಲವನ್ನೂ ವರ್ಗವರ್ಗವಾಗಿ ಬೇರ್ಪಡಿಸಿ, ಹೊಸ ಅರಿವೆಯಲ್ಲಿ ಕಟ್ಟಿ, ಮೇಲೆ ಹೆಸರು ಬರೆದು ಸಂತೋಷಪಟ್ಟೆನು. ಕೆಲವು ವರ್ಷಗಳ ಮೇಲೆ ಮನೆಯ ದೇವರ ನಂದಾದೀಪದ ಹೊಲದ ಬಗ್ಗೆ ದಾಯಾದಿಗಳಲ್ಲಿ ಮಾತು ಬಂದಾಗ ಒಂದು ಚೀಟಿಯು ಸಿಕ್ಕಿತು. ಅಜ್ಜನವರ ಅಕ್ಷರ, ನಾಲ್ವರ ಸಹಿ. ಒಕ್ಕಣೆಯು “ಮೇಲಿನಂತೆ ಕಬೂಲು” ಎಂದಿಷ್ಟೇ. ತೇದಿಯಿಲ್ಲ. ಯಾವದರ ಮೇಲಿನಂತೆ? ಆ ಚೀಟಿಯ ಮೇಲೆ ಯಾವ ಕಾಗದವಿತ್ತೋ ಅದನ್ನು ನಾನೇ ಎತ್ತಿ ಬೇರೆ ವರ್ಗದಲ್ಲಿ ಸೇರಿಸಿದ್ದೆನು. ಕಲಸಿದಂತೆ ನನಗೆ ತೋರಿದುದು ಅಜ್ಜನವರಿಗೆ ಒಂದೊಂದು ವ್ಯವಹಾರಕ್ಕೆ ಒಂದೊಂದು ಕಟ್ಟಾಗಿತ್ತು. ಆ ಹೊಲದ ಮಾತು ಸಮಾಧಾನದಿಂದ ಮುಗಿಯಲಿಲ್ಲ. ಎರಡು ಮನೆಗಳ ನಡುವೆ ಇಂದಿಗೂ ಹೋಗಿಬರುವದಿಲ್ಲ.

ಐರೋಪ್ಯರು ಇದನ್ನು ಒಂದು ನಿಯಮವನ್ನಾಗಿಯೇ ಮಾಡಿಕೊಂಡಿರುವರು. ಒಂದು ಸಂಸ್ಥೆಯ ಅಥವಾ ಮನೆತನದ ಕಾಗದಗಳನ್ನು ಇನ್ನೊಂದರ ಕಾಗದಗಳೊಡನೆ ಬೆರೆಸಬಾರದೆಂದು 1841ರಲ್ಲಿ ಫ್ರಾನ್ಸದ ಸರಕಾರವು ಆಜ್ಞೆ ಮಾಡಿತು. 1898ರಲ್ಲಿ ಮುಲ್ಲರ್, ಫೈತ್, ಫ್ರುಇನ್ ಎಂಬ ಮೂವರು ಡಚ್ಚರು ಬರೆದ ಕೈಪಿಡಿಯು ಮೂಲದಲ್ಲಿದ್ದ ಕ್ರಮವನ್ನೂ ಕೆಡಿಸಬಾರದೆಂದು ಹೇಳಿತು. ಆ ಪುಸ್ತಕದ ವಿಷಯವು ನನಗೆ ತಿಳಿದುಬಂದುದು ರುಮಾಲು ಬಿಚ್ಚಿದ ಬಹಳ ವರ್ಷಗಳ ಮೇಲೆ.

ಗಣಕಯಂತ್ರದಲ್ಲಿ ಫೋಲ್ಡರಿನೊಳಗೆ ಫೋಲ್ಡರನ್ನಿಡುವ ವ್ಯವಸ್ಥೆಯನ್ನು ಮಲ್ಟಿಕ್ಸ್ ಎಂಬ ಯೋಜನೆಗಾಗಿ ಅಮೇರಿಕೆಯ ಡೇಲಿ ಮತ್ತು ನ್ಯೂಮನ್ 1965ರಲ್ಲಿ ವಿವರಿಸಿದರು. ಅವರು ಕೊಂಬೆಗಳ ಜೊತೆಗೆ ಕೊಂಡಿಗಳನ್ನೂ ಇಟ್ಟಿದ್ದರೆಂಬದು ನನಗೆ ಬಹಳ ಹಿಡಿಸಿತು. ವಸ್ತುವು ಒಂದು ಕಡೆ ಇದ್ದು, ಇನ್ನೊಂದು ಕಡೆಯಿಂದ ಅದನ್ನು ತೋರಿಸುವ ಗುರುತು ಮಾತ್ರ ಇರುವದು. ನಮ್ಮ ಗುಮಾಸ್ತನ ಖತಾವಣಿಯ ಕೆಲಸವೂ ಇಂಥದೇ ಅಲ್ಲವೆ?

ಕಡೆಗೆ ನಾವು ಗೊತ್ತುಮಾಡಿದುದು ಇಷ್ಟು. ಕಾಗದಗಳನ್ನು ಬಂದ ಮನೆಯ, ಬಂದ ರುಮಾಲಿನ, ಇದ್ದ ಕ್ರಮದಲ್ಲಿಯೇ ಇಡುವದು. ಗಂಟು ಬಿಚ್ಚುವ ಮೊದಲೊಂದು, ಪ್ರತಿಯೊಂದು ಹಾಳೆಯನ್ನು ಎತ್ತುವ ಮೊದಲೊಂದು ಚಿತ್ರ ತೆಗೆಯುವದು. ಪ್ರತಿ ಚಿತ್ರದ ಹೆಸರಿನಲ್ಲಿ ವರ್ಷ, ತಿಂಗಳು, ದಿನ ಈ ಕ್ರಮದಲ್ಲಿ ತೇದಿ, ಅನಂತರ ಇಂದಿನ ಊರ ಹೆಸರು. ಊರು, ಕಾಲ, ವಂಶ, ವಿಷಯ ಇವುಗಳಿಗಾಗಿ ಬೇರೆಯೊಂದು ಪಟ್ಟಿ; ಅದರಲ್ಲಿ ಸಂಪಗಾವಿ, ಪರಸಗಡ ಮುಂತಾದ ಹಳೆಯ ಹೆಸರುಗಳೂ ಇರುವವು. ಪಟ್ಟಿಯನ್ನು ಮಾಡುವ ಶ್ರಮವು ನನ್ನ ಪಾಲಿಗೆ ಬಂದಿದೆ. ಮಿತ್ರರು ಶಾಸನಗಳ ಮಟ್ಟಿಗೆ ಇನ್ನೂ ಒಪ್ಪಿಲ್ಲ. ಅವರ ಯಂತ್ರದಲ್ಲಿ ಅವರು ರಟ್ಟ, ಕದಂಬ, ಯಾದವ ಎಂದು ಬೇರೆ ಇಟ್ಟುಕೊಂಡಿರುವರು, ನಾನೂ ಗುಟ್ಟಾಗಿ ಅಲ್ಲಿ ಹೋಗಿ ನೋಡುವದುಂಟು.

ಅಜ್ಜನವರ ಚೀಟಿಯ ಚಿತ್ರವನ್ನು ಯಾವ ಕಟ್ಟಿಗೂ ಸೇರಿಸಲು ಬಾರದೆ ಬೇರೆಯಾಗಿ ಇಟ್ಟಿರುವೆನು. ಮನೆಯಲ್ಲಿ ಬಿಚ್ಚದ ರುಮಾಲುಗಳಿರುವ ವಾಚಕರು ದಯಮಾಡಿ ಅವನ್ನು ಬಿಚ್ಚುವ ಮೊದಲು ನಮಗೊಂದು ಪತ್ರ ಬರೆಯಬೇಕಾಗಿ ವಿನಂತಿ. ನಾವೇ ಬಂದು ಅಲ್ಲಿಯೇ ಕುಳಿತು ಚಿತ್ರ ತೆಗೆದುಕೊಂಡು, ಗಂಟನ್ನು ಇದ್ದಂತೆಯೇ ಕಟ್ಟಿ ಬರುವೆವು.