ಲೂಯಿಸ್ ಕಲ್ಪಿಸಿದ ಪಂಡಿತರು

1929ರ ಕೊನೆಯಲ್ಲಿ ಆಕ್ಸ್‌ಫರ್ಡಿನ ಪ್ರಾಧ್ಯಾಪಕ ಜೆ. ಆರ್. ಆರ್. ಟೋಲ್ಕಿನ್ ತಮ್ಮ ಅಪೂರ್ಣ ಕಥನಕಾವ್ಯವೊಂದನ್ನು ಗೆಳೆಯ ಸಿ. ಎಸ್. ಲೂಯಿಸ್ ಕೈಗೆ ಕೊಟ್ಟರು. ಬೆರೆನ್ ಎಂಬ ಮನುಷ್ಯ ಮತ್ತು ಲೂಥಿಯೆನ್ ಎಂಬ ಎಲ್ಫ್ ಕನ್ಯೆಯ ಪ್ರೇಮಕಥೆ ಅದು. ಟೋಲ್ಕಿನ್ ಅದನ್ನು 1925ರಿಂದ ಬರೆಯುತ್ತಿದ್ದರು. 'ದಿ ಹಾಬಿಟ್' ಅಚ್ಚಾಗಲು ಇನ್ನೂ ಎಂಟು ವರ್ಷವಿತ್ತು. ಜನರಿಗೆ ಅವರು ಹಳೆಯ ಇಂಗ್ಲಿಷಿನ ವಿದ್ವಾಂಸರೆಂದಷ್ಟೇ ಗೊತ್ತು. ಅಂಥವರು ಇಷ್ಟು ಖಾಸಗಿ ಬರಹವನ್ನು ಸಹೋದ್ಯೋಗಿಗೆ ತೋರಿಸುವುದು ಸಣ್ಣ ಮಾತಲ್ಲ.

ಲೂಯಿಸ್ ಡಿಸೆಂಬರ್ 6ರ ರಾತ್ರಿ ಎಚ್ಚರವಿದ್ದು ಓದಿದರು. ಮರುದಿನವೇ ಪತ್ರ ಬರೆದು, ಇಂಥ ಸಂತೋಷದ ಸಂಜೆ ಕಂಡು ಬಹಳ ಕಾಲವಾಗಿತ್ತೆಂದರು. ಸಾಲು ಸಾಲಿನ ತಕರಾರು ಆಮೇಲೆ ಕಳಿಸುವುದಾಗಿಯೂ ತಿಳಿಸಿದರು.

ಆ ತಕರಾರು 14 ಪುಟಗಳಾಗಿ ಬಂತು. ಪಂಪ, ರನ್ನರ ಸಂಪಾದಿತ ಆವೃತ್ತಿಗಳ ಅಡಿಟಿಪ್ಪಣಿ ನೋಡಿದವರಿಗೆ ಅದರ ತಮಾಷೆ ಕೂಡಲೇ ಹಿಡಿಸುತ್ತದೆ. ಲೂಯಿಸ್ ಈ ಕಾವ್ಯವನ್ನು ಹಲವು ಹಸ್ತಪ್ರತಿಗಳಲ್ಲಿ ಉಳಿದುಬಂದ ಪ್ರಾಚೀನ ಕೃತಿಯೆಂದು ಭಾವಿಸಿದಂತೆ ನಟಿಸಿದರು. ಪೀಬಾಡಿ, ಪಂಪರ್‌ನಿಕಲ್, ಶಿಕ್, ಶುಫರ್ ಎಂಬ ಪಂಡಿತರನ್ನು ಕಲ್ಪಿಸಿ, ಅವರ ಬಾಯಲ್ಲಿ ಟೀಕೆ ಹೇಳಿಸಿದರು. ಸಾಲು ಸಡಿಲವಾಗಿದ್ದರೆ ತಪ್ಪು ಕವಿಯದಲ್ಲ, ಯಾವನೋ ಲಿಪಿಕಾರನದು. ತಮಗೆ ಹೊಳೆದ ಬದಲಿ ಸಾಲನ್ನು ಪಾಠಾಂತರವೆಂದು ಮುಂದಿಟ್ಟರು.

ವೇಷ ತಮಾಷೆಯದು, ಓದು ಗಂಭೀರವಾದದ್ದು. ಯಾವ ಪದ ಭಾರ, ಎಲ್ಲಿ ಛಂದಸ್ಸು ಕುಂಟುತ್ತದೆ ಎಂದು ಬೆರಳಿಟ್ಟು ತೋರಿಸಿದ್ದರು. ಪರಿಣಾಮ ಟೋಲ್ಕಿನ್ ಪ್ರತಿಯಲ್ಲೇ ಇದೆ: ಲೂಯಿಸ್ ಆಕ್ಷೇಪಿಸಿದ ಬಹುತೇಕ ಸಾಲುಗಳಿಗೆ ಗುರುತು ಬಿದ್ದಿದೆ, ಅನೇಕ ಸಾಲುಗಳು ಬದಲಾಗಿವೆ. ಲೂಯಿಸರ ಕೆಲವು ಸಲಹೆಗಳು ಹಾಗೆಯೇ, ಕೆಲವು ತಿದ್ದಿಕೊಂಡು ಒಳಗೆ ಬಂದಿವೆ. ಮಗ ಕ್ರಿಸ್ಟೋಫರ್ ಇದನ್ನೆಲ್ಲ 1985ರಲ್ಲಿ ಕಾವ್ಯದ ಜೊತೆಗೇ ಪ್ರಕಟಿಸಿದರು.

ಮುಂದೆ ಈ ಗೆಳೆತನದ ಸುತ್ತ 'ಇಂಕ್ಲಿಂಗ್ಸ್' ಬಳಗ ಬೆಳೆಯಿತು. ಗುರುವಾರ ರಾತ್ರಿ ಮಾಡ್ಲಿನ್ ಕಾಲೇಜಿನ ಲೂಯಿಸರ ಕೋಣೆಯಲ್ಲಿ ಒಬ್ಬರು ಓದುವುದು, ಉಳಿದವರು ಕೇಳಿ ನೇರವಾಗಿ ಅಭಿಪ್ರಾಯ ಹೇಳುವುದು. 'ದಿ ಲಾರ್ಡ್ ಆಫ್ ದಿ ರಿಂಗ್ಸ್' ಅಧ್ಯಾಯ ಅಧ್ಯಾಯವಾಗಿ ಅಲ್ಲಿ ಕೇಳಿಬಂತು. ಆದರೆ ಹ್ಯೂಗೋ ಡೈಸನ್‌ಗೆ ಅದು ಹಿಡಿಸಲಿಲ್ಲ. 1947ರ ಹೊತ್ತಿಗೆ ಡೈಸನ್ ಒಳಗೆ ಬಂದರೆ ಟೋಲ್ಕಿನ್ ಓದು ನಿಲ್ಲುತ್ತಿತ್ತೆಂದು ಲೂಯಿಸರ ಅಣ್ಣ ವಾರನ್ ದಿನಚರಿಯಲ್ಲಿ ಬರೆದಿದ್ದಾರೆ. ಇಷ್ಟವಾಗದಿರುವುದು ತಪ್ಪಲ್ಲ. ಆದರೆ ಬರಿಯ ಬೇಸರದಿಂದ ಲೇಖಕ ತಿದ್ದಿಕೊಳ್ಳುವುದಾದರೂ ಏನನ್ನು?

ಟೋಲ್ಕಿನ್ ಕೂಡ ಇದಕ್ಕೆ ಹೊರತಲ್ಲ. 1949ರಲ್ಲಿ ಲೂಯಿಸ್ ನಾರ್ನಿಯಾ ಕಥೆಯ ಮೊದಲ ಭಾಗ ಓದಿದಾಗ ಅವರು ಸಾರಾಸಗಟಾಗಿ ತಳ್ಳಿಹಾಕಿದರು. ಲೂಯಿಸ್ ಕುಗ್ಗಿದರು. ಆಗ ರೋಜರ್ ಲ್ಯಾನ್ಸಲಿನ್ ಗ್ರೀನ್ ಮೆಚ್ಚಿ ಧೈರ್ಯ ತುಂಬಿದರು. ಪುಸ್ತಕ 1950ರಲ್ಲಿ ಬಂತು. 14 ಪುಟ ಟೀಕೆ ಪಡೆದಿದ್ದವರಿಗೇ ಅದನ್ನು ಹಿಂತಿರುಗಿಸುವ ತಾಳ್ಮೆ ಇರಲಿಲ್ಲ.

ಪರವೂರಿನ ಕನ್ನಡ ಬಳಗಗಳಲ್ಲಿ ನಮ್ಮ ತೊಂದರೆ ಇದಕ್ಕೆ ತಿರುಗುಮುರುಗು. ಮುಂದಿನ ಯುಗಾದಿಗೂ ರಾಜ್ಯೋತ್ಸವಕ್ಕೂ ಅದೇ ಹತ್ತು ಮುಖ ನೋಡಬೇಕಲ್ಲ, ಹಾಗಾಗಿ ಯಾರು ಏನು ಓದಿದರೂ 'ಚೆನ್ನಾಗಿದೆ' ಎಂದು ಚಹಾಕ್ಕೆ ಏಳುತ್ತೇವೆ. ಅದು ಡೈಸನ್ ಬೇಸರಕ್ಕಿಂತ ಸೌಜನ್ಯದ್ದು, ನಿಜ. ಲೇಖಕರಿಗೆ ಸಿಗುವ ಸಹಾಯ ಮಾತ್ರ ಅಷ್ಟೇ. ಕತೆಯನ್ನು ಎರಡು ದಿನ ಮೊದಲೇ ಎಲ್ಲರಿಗೂ ಕಳಿಸಿ, ಪ್ರತಿಯೊಬ್ಬರೂ ಹಿಡಿಸಿದ ಒಂದು ಸಾಲು, ಎಡವಿದ ಒಂದು ಸಾಲು ಗುರುತು ಹಾಕಿಕೊಂಡು ಬರಬಹುದು. ಎಡವಿದ್ದನ್ನು ಹೇಳಲು ಸಂಕೋಚವಾದರೆ ಲಿಪಿಕಾರನ ಮೇಲೆ ಹೊರಿಸಿದರಾಯಿತು.