ಸಾವಿರ ಸಲ ಸತ್ತವಳು

ಕೊನೇ ರೀಲಿನಲ್ಲಿ ಹೀರೋಯಿನ್ ಸಾಯೋ ಸಿನಿಮಾ ನಮಗೇನೂ ಹೊಸದಲ್ಲ ಬಿಡಿ. ಕೆಮ್ಮುತ್ತಾ, ಹೀರೋನ ತೊಡೆಯ ಮೇಲೆ ತಲೆಯಿಟ್ಟು, ಎರಡು ಮಾತಾಡಿ ಕಣ್ಣು ಮುಚ್ಚೋದನ್ನ ಎಷ್ಟು ಸಲ ನೋಡಿಲ್ಲ! ಆದರೆ ಸಿನಿಮಾದಿಂದ ಸಿನಿಮಾಕ್ಕೆ ಸಾಯುವುದನ್ನೇ ಉದ್ಯೋಗ ಮಾಡಿಕೊಳ್ಳಬೇಕಾಗಿ ಬಂದ ನಟಿಯೊಬ್ಬಳಿದ್ದಳು. ಒಂದರಲ್ಲಿ ಸಮುದ್ರದ ಪಾಲಾದಳು, ಒಂದರಲ್ಲಿ ಕತ್ತಿಯ ಮೇಲೆ ಬಿದ್ದಳು, ಇನ್ನೊಂದರಲ್ಲಿ ಗುಂಡೇಟು ತಿಂದಳು. ತನ್ನ ಸಮಾಧಿಯ ಮೇಲೆ 'ಸಾವಿರ ಸಾವು ಸತ್ತವಳು' ಅಂತ ಬರೆಸಬೇಕು ಅಂತ ಆಕೆಯೇ ತಮಾಷೆ ಮಾಡುತ್ತಿದ್ದಳಂತೆ. ಹೆಸರು ಆನಾ ಮೇ ವಾಂಗ್. ಹಾಲಿವುಡ್ಡಿನ ಮೊಟ್ಟಮೊದಲ ಚೀನೀ-ಅಮೆರಿಕನ್ ತಾರೆ.

ಹುಟ್ಟಿದ್ದು 1905ರ ಜನವರಿ 3ರಂದು, ಲಾಸ್ ಏಂಜಲೀಸಿನಲ್ಲಿ. ಮನೆಯಲ್ಲಿಟ್ಟ ಹೆಸರು ವಾಂಗ್ ಲ್ಯೂ ತ್ಸಾಂಗ್. ಅಪ್ಪನದು ಲಾಂಡ್ರಿ ಅಂಗಡಿ. ಆ ಕಾಲದಲ್ಲಿ ಅಮೆರಿಕದಲ್ಲಿದ್ದ ಚೀನೀಯರಿಗೆ ಲಾಂಡ್ರಿ, ಹೋಟೆಲ್ ಬಿಟ್ಟರೆ ಬೇರೆ ದಾರಿಗಳು ಕಡಿಮೆ. ಅಪ್ಪನೂ ಕ್ಯಾಲಿಫೋರ್ನಿಯಾದಲ್ಲೇ ಹುಟ್ಟಿದವನು ಅನ್ನೋದನ್ನ ಗಮನಿಸಿ. ಅಂದರೆ ಈಕೆ ಚೀನಾದಿಂದ ವಲಸೆ ಬಂದವಳಲ್ಲ, ಪಕ್ಕಾ ಅಮೆರಿಕದವಳು. ಮಧ್ಯಾಹ್ನದ ಊಟದ ಕಾಸು ಉಳಿಸಿ, ಶಾಲೆ ತಪ್ಪಿಸಿ ಸಿನಿಮಾ ನೋಡೋ ಹುಚ್ಚು ಬೇರೆ. ಬೀದಿಯಲ್ಲಿ ಎಲ್ಲಾದರೂ ಶೂಟಿಂಗ್ ನಡೆಯುತ್ತಿದ್ದರೆ ಅಲ್ಲಿ ಹೋಗಿ ನಿಂತುಬಿಡುತ್ತಿದ್ದಳು. ಸಿನಿಮಾದವರು ಆಕೆಗೆ 'ಕುತೂಹಲದ ಚೀನೀ ಮಗು' ಅಂತ ಅಡ್ಡಹೆಸರನ್ನೂ ಇಟ್ಟಿದ್ದರು. 1919ರಲ್ಲಿ ಬಂದ 'ದಿ ರೆಡ್ ಲ್ಯಾಂಟರ್ನ್' ಚಿತ್ರಕ್ಕೆ ನೂರಾರು ಚೀನೀಯರು ಬೇಕಾಗಿದ್ದರು. ಅಪ್ಪನಿಗೆ ಹೇಳದೆ ಕೇಳದೆ ಹೋಗಿ ಲಾಟೀನು ಹಿಡಿದು ನಿಂತ ಎಕ್ಸ್‌ಟ್ರಾಗಳಲ್ಲಿ ಈ ಹದಿನಾಲ್ಕರ ಹುಡುಗಿಯೂ ಒಬ್ಬಳು.

ಮೂರೇ ವರ್ಷದಲ್ಲಿ ನಾಯಕಿಯಾದಳು. 1922ರ 'ದಿ ಟೋಲ್ ಆಫ್ ದಿ ಸೀ' ಸಿನಿಮಾದ ಚರಿತ್ರೆಯಲ್ಲಿ ಬೇರೆ ಕಾರಣಕ್ಕೂ ಮುಖ್ಯ. ಕೆಂಪು, ಹಸಿರು ಎರಡೇ ಬಣ್ಣಗಳನ್ನು ಬೇರೆ ಬೇರೆ ಹಿಡಿದು, ಎರಡು ಫಿಲ್ಮುಗಳನ್ನು ಬೆನ್ನಿಗೆ ಬೆನ್ನು ಅಂಟಿಸುವ ಟೆಕ್ನಿಕಲರ್ ವಿಧಾನದಲ್ಲಿ ಮಾಡಿದ ಚಿತ್ರ ಅದು. ವಿಶೇಷ ಪ್ರೊಜೆಕ್ಟರ್ ಬೇಕಿಲ್ಲ, ಮಾಮೂಲಿ ಥಿಯೇಟರಿನಲ್ಲೇ ಬಣ್ಣ ಕಾಣುತ್ತಿತ್ತು. ಕಥೆ 'ಮೇಡಂ ಬಟರ್‌ಫ್ಲೈ'ಯದೇ, ಜಪಾನಿನ ಬದಲು ಚೀನಾ ಅಷ್ಟೆ. ಸಮುದ್ರದಲ್ಲಿ ಸಿಕ್ಕ ಅಮೆರಿಕದವನನ್ನು ಕಾಪಾಡುತ್ತಾಳೆ, ಪ್ರೀತಿಸುತ್ತಾಳೆ. ಅವನು ಬಿಟ್ಟುಹೋಗಿ ಬಿಳಿಯ ಹೆಂಡತಿಯ ಜೊತೆ ವಾಪಸ್ ಬರುತ್ತಾನೆ. ಮಗುವನ್ನು ಅವರಿಗೊಪ್ಪಿಸಿ ಈಕೆ ಸಮುದ್ರದ ಪಾಲಾಗುತ್ತಾಳೆ. ಹದಿನೇಳರ ಹುಡುಗಿ ಗ್ಲಿಸರಿನ್ ಅಬ್ಬರವಿಲ್ಲದೆ, ಬರೀ ಕಣ್ಣಲ್ಲಿ ಆ ಪಾತ್ರ ಮಾಡಿದ್ದನ್ನು ನೋಡಿದರೆ ಈಗಲೂ ಗಂಟಲು ಕಟ್ಟುತ್ತದೆ.

1924ರಲ್ಲಿ ಡಗ್ಲಸ್ ಫೇರ್‌ಬ್ಯಾಂಕ್ಸ್ ಭಾರೀ ದುಡ್ಡು ಸುರಿದು 'ದಿ ಥೀಫ್ ಆಫ್ ಬಾಗ್ದಾದ್' ತೆಗೆದ. ಅದರಲ್ಲಿ ಈಕೆ ಮಂಗೋಲ್ ದಾಸಿ. ಪಾತ್ರ ಚಿಕ್ಕದಾದರೂ ಜಗತ್ತಿಗೆ ಮುಖ ಪರಿಚಯವಾಯಿತು. (ಅದೇ ಹೆಸರಿನ 1940ರ ಚಿತ್ರದಲ್ಲಿ ಕಳ್ಳ ಹುಡುಗ ಅಬು ಆಗಿದ್ದವನು ನಮ್ಮ ಮೈಸೂರು ಸೀಮೆಯ ಕಾರಾಪುರದ ಸಾಬು! ಮಾವುತರ ಮನೆಯ ಹುಡುಗ. ಅವನೂ ಹಾಲಿವುಡ್ಡಿನಲ್ಲಿ ಹೆಚ್ಚಾಗಿ ಆನೆ, ಕಾಡು, ರುಮಾಲು ಇವುಗಳ ನಡುವೆಯೇ ಉಳಿದ. ಅದು ಇನ್ನೊಂದು ಪೋಸ್ಟಿನ ಕಥೆ.)

ಸರಿ, ಇಷ್ಟು ಚೆಂದದ, ಇಷ್ಟು ಚೆನ್ನಾಗಿ ನಟಿಸುವ ಹುಡುಗಿಗೆ ದೊಡ್ಡ ದೊಡ್ಡ ಪಾತ್ರಗಳು ಸಾಲುಸಾಲಾಗಿ ಬರಬೇಕಿತ್ತಲ್ಲ? ಬರಲಿಲ್ಲ. ಯಾಕೆ ಅನ್ನೋದು ತಿಳಿಯಬೇಕಾದರೆ ಸಿನಿಮಾ ಬಿಟ್ಟು ಸ್ವಲ್ಪ ಕಾನೂನಿನ ಕಡೆ ಬರಬೇಕು.

1882ರಲ್ಲಿ ಅಮೆರಿಕ ಚೀನೀ ಕೂಲಿಗಳು ದೇಶದೊಳಗೆ ಬರದಂತೆ ಕಾಯಿದೆ ಮಾಡಿತ್ತು. ಅದು ರದ್ದಾಗಿದ್ದು 1943ರಲ್ಲಿ. ಅಮೆರಿಕದಲ್ಲೇ ಹುಟ್ಟಿದ ಚೀನೀ ಮೂಲದವರೂ ಹೊರದೇಶಕ್ಕೆ ಹೋಗಬೇಕಾದರೆ ಮೊದಲೇ 430ನೇ ನಂಬರಿನ ಫಾರಂ ತುಂಬಿ, ವಿಚಾರಣೆಗೆ ಕೂತು, ತಾನು ಇಲ್ಲಿಯವಳೇ ಅಂತ ಸಾಬೀತು ಮಾಡಬೇಕಿತ್ತು. ಇಲ್ಲದಿದ್ದರೆ ವಾಪಸ್ ಬರುವಾಗ ಬಂದರಿನಲ್ಲೇ ಸಿಕ್ಕಿಬೀಳುವ ಭಯ. ಪತ್ರಿಕೆಗಳ ಮುಖಪುಟದಲ್ಲಿ ಮಿಂಚುತ್ತಿದ್ದ ತಾರೆಗೂ ಇದೇ ನಿಯಮ. ಕ್ಯಾಲಿಫೋರ್ನಿಯಾದಲ್ಲಿ ಬಿಳಿಯರನ್ನು ಆಕೆ ಮದುವೆಯಾಗುವುದೂ ಕಾನೂನುಬಾಹಿರ. ಆ ನಿಷೇಧ ಬಿದ್ದಿದ್ದು 1948ರಲ್ಲಿ. ಆಕೆ ಕೊನೆವರೆಗೂ ಮದುವೆಯಾಗಲಿಲ್ಲ.

ಇದೇ ಕಾನೂನಿನ ನೆರಳು ಪರದೆಯ ಮೇಲೂ ಬಿತ್ತು. ಬಿಳಿಯ ನಾಯಕನಿಗೆ ಚೀನೀ ಹುಡುಗಿ ಮುತ್ತಿಡುವುದನ್ನು ತೋರಿಸಲು ಸ್ಟುಡಿಯೋಗಳು ಹಿಂಜರಿಯುತ್ತಿದ್ದವು. 1930ರಲ್ಲಿ ಬಂದು 1934ರಿಂದ ಬಿಗಿಯಾದ ಹೇಸ್ ಸಂಹಿತೆ ಬೇರೆ ಬೇರೆ ಜನಾಂಗದವರ ಪ್ರೇಮಸಂಬಂಧವನ್ನು ನಿಷೇಧಿತರ ಪಟ್ಟಿಗೆ ಸೇರಿಸಿತು. ಅಕ್ಷರಶಃ ಅದರಲ್ಲಿದ್ದದ್ದು ಬಿಳಿಯರು, ಕರಿಯರು ಅಂತ ಮಾತ್ರ. ಸ್ಟುಡಿಯೋಗಳು ಅದನ್ನು ಏಷ್ಯಾದವರಿಗೂ ಹಚ್ಚಿದವು. ಈಗ ಲೆಕ್ಕ ಹಾಕಿ ನೋಡಿ. ನಾಯಕ ಬಿಳಿಯನೇ ಆಗಿರಬೇಕು. ನಾಯಕಿಗೆ ನಾಯಕ ಸಿಗಬೇಕು. ಹಾಗಿದ್ದರೆ ಚೀನೀ ಹುಡುಗಿ ನಾಯಕಿ ಆಗೋದು ಹೇಗೆ? ಆಕೆ ಪ್ರೀತಿಸಿದರೆ ಕೊನೆಗೆ ದಾರಿಯಿಂದ ಸರಿಯಬೇಕು. ಸರಿಯಲು ಸುಲಭದ ದಾರಿ ಸಾವು. ಆನಾ ಮೇ ವಾಂಗ್ ಅಷ್ಟೊಂದು ಸಲ ಸತ್ತದ್ದು ಕಥೆಗಾರರ ಕರುಣರಸದ ಪ್ರೀತಿಯಿಂದ ಮಾತ್ರ ಅಲ್ಲ ಸ್ವಾಮೀ, ಈ ಲೆಕ್ಕದಿಂದ.

ಬೇಸತ್ತು 1928ರಲ್ಲಿ ಯೂರೋಪಿಗೆ ಹೊರಟಳು. ಅಲ್ಲಿ ಬೇರೆಯದೇ ಸ್ವಾಗತ. ಜರ್ಮನಿಯಲ್ಲಿ 'ಸಾಂಗ್' ಮಾಡಿದಳು. ವಾಲ್ಟರ್ ಬೆಂಜಮಿನ್‌ನಂಥ ಚಿಂತಕ ಆಕೆಯನ್ನು ಭೇಟಿ ಮಾಡಿ ಲೇಖನ ಬರೆದ. ಇಂಗ್ಲೆಂಡಿನಲ್ಲಿ ಡ್ಯೂಪಾಂಟ್ ನಿರ್ದೇಶನದ 'ಪಿಕಡಿಲಿ' (1929) ಬಂತು. ಲಂಡನ್ನಿನ ನೈಟ್‌ಕ್ಲಬ್ಬಿನಲ್ಲಿ ತಟ್ಟೆ ತೊಳೆಯುವ ಹುಡುಗಿ ಶೋಶೋ, ಅಡುಗೆಮನೆಯ ಮೇಜಿನ ಮೇಲೆ ಹತ್ತಿ ಸೊಂಟ ತಿರುಗಿಸುವ ಒಂದು ದೃಶ್ಯ ಸಾಕು, ಉಳಿದವರೆಲ್ಲ ಮಂಕಾಗಿಬಿಡುತ್ತಾರೆ. ಅದರಲ್ಲೂ ಮುತ್ತು ಕಾಣಿಸುವುದಿಲ್ಲ. ಅದರಲ್ಲೂ ಸಾಯುತ್ತಾಳೆ. ಅದೇ ವರ್ಷ ಲಂಡನ್ ರಂಗಭೂಮಿಯಲ್ಲಿ ಲಾರೆನ್ಸ್ ಒಲಿವಿಯೆ ಜೊತೆ ನಾಟಕ ಮಾಡಿದಳು. ಚೀನೀ ಗೊಂಬೆಯನ್ನು ನಿರೀಕ್ಷಿಸಿ ಬಂದಿದ್ದ ವಿಮರ್ಶಕರಿಗೆ ಆಕೆಯ ಬಾಯಲ್ಲಿ ಬಂದ ಕ್ಯಾಲಿಫೋರ್ನಿಯಾದ ಇಂಗ್ಲಿಷ್ ಕೇಳಿ ಆಘಾತ! ಛಲಗಾತಿ ಈಕೆ, ದುಡ್ಡು ಕೊಟ್ಟು ಪಾಠ ಹೇಳಿಸಿಕೊಂಡು ಬ್ರಿಟಿಷ್ ಉಚ್ಚಾರಣೆ ಕಲಿತಳು. 1930ರಲ್ಲಿ ಒಂದೇ ಕಥೆಯ ಇಂಗ್ಲಿಷ್, ಜರ್ಮನ್, ಫ್ರೆಂಚ್ ಮೂರೂ ಚಿತ್ರಗಳಲ್ಲಿ ತಾನೇ ಮಾತಾಡಿದಳು.

ಯೂರೋಪಿನ ಹೆಸರು ನೋಡಿ ಪ್ಯಾರಾಮೌಂಟಿನವರು ವಾಪಸ್ ಕರೆಸಿಕೊಂಡರು. 1931ರ 'ಡಾಟರ್ ಆಫ್ ದಿ ಡ್ರ್ಯಾಗನ್'ನಲ್ಲಿ ಆಕೆ ದುಷ್ಟ ಫು ಮಂಚುವಿನ ಮಗಳು. ಇಡೀ ಚಿತ್ರ ಆಕೆಯದು, ಸಂಬಳ 6,000 ಡಾಲರ್. ಜಪಾನೀ ನಟ ಸೆಸ್ಸೂ ಹಯಕಾವಾಗೆ 10,000. ಬಣ್ಣ ಬಳಿದುಕೊಂಡು ಫು ಮಂಚು ಆದ ಸ್ವೀಡನ್ ಮೂಲದ ವಾರ್ನರ್ ಓಲಂಡ್ ಪರದೆ ಮೇಲಿದ್ದದ್ದು ಇಪ್ಪತ್ತಮೂರು ನಿಮಿಷ, ಅವನಿಗೆ 12,000. ಮುಂದಿನ ವರ್ಷ ಮಾರ್ಲೀನ್ ಡೀಟ್ರಿಷ್ ಜೊತೆ 'ಶಾಂಘೈ ಎಕ್ಸ್‌ಪ್ರೆಸ್'. ಮಾತು ಕಡಿಮೆ, ಸಿಗರೇಟಿನ ಹೊಗೆ ಜಾಸ್ತಿ. ಆದರೆ ಖಳನನ್ನು ಚೂರಿಯಿಂದ ಮುಗಿಸಿ, ಎಲ್ಲರನ್ನೂ ಉಳಿಸಿ, ಕೊನೆಗೆ ರೈಲಿಳಿದು ತಣ್ಣಗೆ ನಡೆದುಹೋಗುವವಳು ಆಕೆಯೇ. ಅದೇ 1932ರಲ್ಲಿ ಎಂ.ಜಿ.ಎಂ.ನವರು 'ದಿ ಸನ್-ಡಾಟರ್' ತೆಗೆಯುವಾಗ ಈಕೆ ಚೀನೀ ಪಾತ್ರ ಮಾಡಲು ತೀರಾ ಚೀನೀ ಥರ ಇದ್ದಾಳೆ ಅಂದರಂತೆ. ಪಾತ್ರ ಹೆಲೆನ್ ಹೇಯ್ಸ್‌ಗೆ ಹೋಯಿತು, ಕಣ್ಣಿನ ಮೇಕಪ್ಪಿನ ಸಮೇತ.

ಎಲ್ಲಕ್ಕಿಂತ ದೊಡ್ಡ ಪೆಟ್ಟು 'ದಿ ಗುಡ್ ಅರ್ತ್'. ಪರ್ಲ್ ಬಕ್ ಬರೆದ 1931ರ ಕಾದಂಬರಿ, ಚೀನೀ ರೈತ ದಂಪತಿಗಳ ಕಥೆ. ಎಂ.ಜಿ.ಎಂ. ಚಿತ್ರ ಮಾಡುತ್ತದೆ ಅಂದಾಗ ರೈತನ ಹೆಂಡತಿ ಓಲಾನ್ ಪಾತ್ರಕ್ಕಾಗಿ ಆನಾ ಮೇ ವರ್ಷಗಟ್ಟಲೆ ಆಸೆಯಿಂದ ಕಾದಳು. ಆದರೆ ರೈತನ ಪಾತ್ರಕ್ಕೆ ಪಾಲ್ ಮುನಿ ಆಯ್ಕೆಯಾದ. ಅವನು ಬಿಳಿಯ. ಗಂಡ ಬಿಳಿಯನಾದರೆ ಹೆಂಡತಿಯೂ ಬಿಳಿಯಳೇ ಆಗಬೇಕಲ್ಲ! ಕಥೆಯಲ್ಲಿ ಇಬ್ಬರೂ ಚೀನೀಯರೇ ಆದರೂ, ಬಣ್ಣ ಬಳಿದ ಗಂಡನ ಪಕ್ಕ ನಿಜವಾದ ಚೀನೀ ಹೆಂಡತಿ ನಿಂತರೆ ಅದು ಮಿಶ್ರ ದಾಂಪತ್ಯ! ಓಲಾನ್ ಆದವಳು ಯೂರೋಪಿನಿಂದ ಬಂದ ಲೂಯಿ ರೈನರ್. ಆನಾ ಮೇಗೆ ಟೆಸ್ಟ್ ಮಾಡಿದ್ದು ಆ ಸಂಸಾರ ಹಾಳುಮಾಡುವ ಲೋಟಸ್ ಅನ್ನುವ ಸೂಳೆಯ ಪಾತ್ರಕ್ಕೆ. ಎಲ್ಲ ಒಳ್ಳೆ ಚೀನೀ ಪಾತ್ರಗಳನ್ನೂ ಬೇರೆಯವರಿಗೆ ಕೊಟ್ಟು ಇದ್ದೊಂದು ಕೆಟ್ಟ ಪಾತ್ರವನ್ನು ಚೀನೀ ರಕ್ತದ ತನಗೆ ಕೊಡುತ್ತೀರಲ್ಲ ಅಂತ ಆಕೆ ಬೇಡವೆಂದಳು. ರೈನರ್‌ಗೆ 1937ರ ಚಿತ್ರಗಳ ಆಸ್ಕರ್ ಬಂತು.

ಅಷ್ಟರಲ್ಲಿ 1936ರಲ್ಲಿ ಮೊದಲ ಸಲ ಚೀನಾ ನೋಡಲು ಹೋದಳು. ಅಪ್ಪ ಆಗಲೇ ಪೂರ್ವಜರ ಊರಿನ ಕಡೆ ಮರಳಿದ್ದ. ಅಮೆರಿಕದಲ್ಲಿ 'ತೀರಾ ಚೀನೀ' ಆಗಿದ್ದವಳಿಗೆ ಅಲ್ಲಿ ಮ್ಯಾಂಡರಿನ್ ಬಾರದು, ಕಲಿಯಬೇಕಾಯಿತು. ಚೀನಾದ ಪತ್ರಿಕೆಗಳು, ಅಧಿಕಾರಿಗಳು ಆಕೆ ದಾಸಿ, ವೇಶ್ಯೆ, ಕೊಲೆಗಾತಿ ಪಾತ್ರ ಮಾಡಿ ದೇಶದ ಮಾನ ಕಳೆದಳು ಅಂತ ಜರೆದರು. ಆ ದೂರು ಪೂರ್ತಿ ಸುಳ್ಳೇನಲ್ಲ. ಆ 'ಡ್ರ್ಯಾಗನ್ ಲೇಡಿ' ಚಿತ್ರಗಳು ಅಮೆರಿಕದವರ ತಲೆಯಲ್ಲಿ ಚೀನೀ ಹೆಂಗಸರ ಬಗ್ಗೆ ಕೆಟ್ಟ ಅಚ್ಚು ಒತ್ತಿದವು, ಅದರಲ್ಲಿ ಆಕೆಯ ಮುಖವೇ ಇತ್ತು. ಆದರೆ ಅನ್ನಕ್ಕಾಗಿ ದುಡಿಯುವವಳ ಮುಂದೆ ಇಟ್ಟಿದ್ದು ಎರಡೇ ಬಾಗಿಲು: ಈ ಪಾತ್ರ, ಇಲ್ಲವೇ ಲಾಂಡ್ರಿ. ಎರಡು ದೇಶಗಳೂ ತಮ್ಮ ಸಿಟ್ಟನ್ನು ಬಾಗಿಲು ಕಟ್ಟಿದವರ ಮೇಲೆ ತೀರಿಸದೆ ಒಳಗೆ ನುಗ್ಗಿದವಳ ಮೇಲೆ ತೀರಿಸಿದವು ಅಂತ ನನಗನ್ನಿಸುತ್ತದೆ.

ವಾಪಸ್ ಬಂದ ಮೇಲೆ ಆಕೆ ಮಾಡಿದ ಒಂದು ಪುಟ್ಟ ಚಿತ್ರ ನನಗೆ ಅಚ್ಚುಮೆಚ್ಚು. 1937ರ 'ಡಾಟರ್ ಆಫ್ ಶಾಂಘೈ'. ಗಂಟೆಯೊಂದರ ಅಗ್ಗದ ಪತ್ತೇದಾರಿ ಚಿತ್ರ. ಅಪ್ಪನನ್ನು ಕೊಂದವರನ್ನು ಬೆನ್ನಟ್ಟುವ ಧೈರ್ಯದ ಹೆಣ್ಣು ಈಕೆ, ಪಕ್ಕದಲ್ಲಿ ಸರ್ಕಾರಿ ಪತ್ತೇದಾರನಾಗಿ ಕೊರಿಯನ್-ಅಮೆರಿಕನ್ ನಟ ಫಿಲಿಪ್ ಆನ್. ಕೊನೆಯಲ್ಲಿ ಅವನು ಮದುವೆಯಾಗೋಣವಾ ಅಂತ ಕೇಳುತ್ತಾನೆ. ಯಾರೂ ಸಾಯಬೇಕಾಗಿಲ್ಲ. ಏಷ್ಯಾ ಮೂಲದ ನಾಯಕನೊಬ್ಬನನ್ನು ಪಕ್ಕದಲ್ಲಿ ನಿಲ್ಲಿಸಿದರೆ ಮುಗಿಯಿತು, ಆ ಹಳೇ ಲೆಕ್ಕ ಪೂರ್ತಿ ಕುಸಿಯುತ್ತದೆ. ಅಷ್ಟು ಸುಲಭವಿತ್ತು ನೋಡಿ!

ಯುದ್ಧಕಾಲದಲ್ಲಿ ಎರಡು ಚಿತ್ರಗಳ ಸಂಬಳವನ್ನು ಚೀನಾದ ಪರಿಹಾರ ನಿಧಿಗೆ ಕೊಟ್ಟಳು. 1951ರಲ್ಲಿ ತನ್ನದೇ ಚೀನೀ ಹೆಸರಿನ ಪತ್ತೇದಾರಿಣಿಯಾಗಿ ಟಿವಿ ಧಾರಾವಾಹಿ ಮಾಡಿದಳು. ಏಷ್ಯಾ ಮೂಲದವರು ಮುಖ್ಯ ಪಾತ್ರದಲ್ಲಿದ್ದ ಅಮೆರಿಕದ ಮೊದಲ ಧಾರಾವಾಹಿ. ಅದರ ಒಂದು ಕಂತೂ ಉಳಿದಿಲ್ಲ. 1961ರ ಫೆಬ್ರವರಿ 3ರಂದು, 56ನೇ ವಯಸ್ಸಿನಲ್ಲಿ, ನಿಜವಾಗಿ ತೀರಿಕೊಂಡಳು. 2022ರಲ್ಲಿ ಅಮೆರಿಕ ಸರ್ಕಾರ 25 ಸೆಂಟಿನ ನಾಣ್ಯದ ಮೇಲೆ ಆಕೆಯ ಮುಖ ಅಚ್ಚು ಹಾಕಿತು. ಇಲ್ಲಿಯವಳು ಅಂತ ಫಾರಂ ತುಂಬಿ ಸಾಬೀತು ಮಾಡಬೇಕಿದ್ದವಳು ಈಗ ಆ ದೇಶದ ಚಿಲ್ಲರೆಯಲ್ಲಿ ಕೈಯಿಂದ ಕೈಗೆ ಓಡಾಡುತ್ತಿದ್ದಾಳೆ.

'ದಿ ಟೋಲ್ ಆಫ್ ದಿ ಸೀ' ಈಗ ಅಂತರ್ಜಾಲದಲ್ಲಿ ಪುಕ್ಕಟೆ ಸಿಗುತ್ತದೆ, ಒಂದು ಗಂಟೆಯೂ ಇಲ್ಲ, ನೋಡಿ. ಅದರ ಕೊನೆಯ ಎರಡು ರೀಲುಗಳು ಕಳೆದುಹೋಗಿದ್ದವು. 1985ರ ಸುಮಾರಿಗೆ ಚಿತ್ರವನ್ನು ಮತ್ತೆ ಜೋಡಿಸಿದ ಯು.ಸಿ.ಎಲ್.ಎ. ಸಂಗ್ರಹಾಲಯದವರು ಹಳೇ ಎರಡು ಬಣ್ಣದ ಕ್ಯಾಮೆರಾವನ್ನೇ ಹಿಡಿದು ಕ್ಯಾಲಿಫೋರ್ನಿಯಾದ ಸಮುದ್ರದ ಸೂರ್ಯಾಸ್ತ ತೆಗೆದು ಕೊನೆಗೆ ಸೇರಿಸಿದರು. ಹಾಗಾಗಿ ನಾವು ನೋಡುವ ಪ್ರತಿಯಲ್ಲಿ ಹುಡುಗಿ ಮುಳುಗುವುದು ಕಾಣಿಸುವುದಿಲ್ಲ. ಬರೀ ಅಲೆಗಳು, ಕೆಂಪು ಬೆಳಕು. ಸಾವಿರ ಸಾವುಗಳಲ್ಲಿ ಮೊದಲಿನದೊಂದು ಹೀಗೆ ತಪ್ಪಿಹೋಯಿತು. ನೋಡಿ ಹೇಗನ್ನಿಸಿತು ಅಂತ ಎರಡು ಸಾಲು ಬರೆಯಿರಿ.